ಬೇಲಿಯೊಳಗೆ ೧೮೮೦

ನಗಬೇಡ ಅಂದ ಕಡೆಯೇ ನನಗೆ ಇಂಥವೆಲ್ಲ ಆಗೋದು.

ನಾವಿರೋ ಎಲ್ಕ್ ಗ್ರೋವ್‌ನಿಂದ ಹತ್ತು ಮೈಲಿ ಆಚೆ ಹಳೇ ಕಾಲದ ರೈತನ ಮನೆ ಒಂದಿದೆ. ಹೊಲ, ಹಸು, ಕೊಟ್ಟಿಗೆ ಸಮೇತ ರಿಪೇರಿ ಮಾಡಿ ಜನಕ್ಕೆ ತೋರಿಸ್ತಾರೆ. ಸ್ಕೂಲಲ್ಲಿ ಮೇಷ್ಟ್ರ ಕುರ್ಚಿಗೆ ಗೋಂದು ಹಚ್ಚಿದ್ದಕ್ಕೆ, "ಬೇಸಿಗೇಲಿ ಅಲ್ಲಿ ಸೇವೆ ಮಾಡು, ಇಲ್ಲಾಂದ್ರೆ ಮುಂದಿನ ವರ್ಷವೂ ಇದೇ ಕ್ಲಾಸಲ್ಲಿ ಕೂತಿರು" ಅಂದ್ರು. ಮನೇಲಿ ಮಾತ್ರ ಲೈಬ್ರರಿಗೆ ಹೋಗ್ತೀನಿ ಅಂತ ಹೇಳಿದ್ದೆ.

ಅಲ್ಲಿನ ಮೇಡಂ ನನಗೆ ಹಳೇ ಟೋಪಿ ಹಾಕಿಸಿ ಹೇಳಿದ್ರು: "ಬೇಲಿಯೊಳಗೆ ೧೮೮೦. ಆಮೇಲಿಂದು ಏನೂ ನಿನಗೆ ಗೊತ್ತಿಲ್ಲ. ಮೂರು ಸಲ ತಪ್ಪಿದ್ರೆ ಸ್ಕೂಲಿಗೆ ಕಾಗದ."

೧. ಜೋಳದ ಹೊಲ

ಒಬ್ಬ ಪುಟ್ಟ ಹುಡುಗ ಬಾತ್‌ರೂಮ್ ಎಲ್ಲಿ ಅಂದ. ಗಂಭೀರವಾಗಿ ಜೋಳದ ಹೊಲ ತೋರಿಸಿದೆ. ಹೋಗೇಬಿಟ್ಟ. ಅವರಮ್ಮ ಕಿರುಚಿಕೊಂಡು ಬಂದ್ರು.

"ಮೇಡಂ, ೧೮೮೦ ಅಲ್ವಾ?" ಅಂದೆ.

"೧೮೮೦ರಲ್ಲೂ ಕಕ್ಕಸು ಇತ್ತು. ಇದು ತಪ್ಪು ಒಂದು!" ಅಂದ್ರು.

೨. ಸಮುದ್ರ

ಒಬ್ಬ ಅಜ್ಜ ನನ್ನ ಬಣ್ಣ ನೋಡಿ ಯಾವೂರಪ್ಪ ಅಂದ್ರು. "ಮೈಸೂರು ಸಂಸ್ಥಾನ. ಹಡಗಲ್ಲಿ ಬಂದೆ. ದಾರೀಲಿ ಅಪ್ಪ ಅಮ್ಮ ಸಮುದ್ರದ ಪಾಲಾದ್ರು," ಅಂದೆ. ಅಜ್ಜ ಹ್ಯಾಟ್ ತೆಗೆದು ತಲೆ ಬಗ್ಗಿಸಿ ನಿಂತರು. ಅಷ್ಟರಲ್ಲಿ ಜೇಬಲ್ಲಿ ಸೆಲ್‌ಫೋನ್ ಬಡಕೊಳ್ತು. ಅಭ್ಯಾಸಬಲ, ಎತ್ತಿ "ಹಾಯ್ ಮಮ್ಮಿ" ಅಂದುಬಿಟ್ಟೆ.

ಅಜ್ಜ ಹ್ಯಾಟ್ ಹಾಕ್ಕೊಂಡ್ರು. "ಸಮುದ್ರದ ತಳದಲ್ಲೂ ಸಿಗ್ನಲ್ ಚೆನ್ನಾಗಿದೆ."

ಮೇಡಂ ಎರಡು ಬೆರಳು ತೋರಿಸಿದ್ರು.

೩. ಕೊಟ್ಟಿಗೆ

ಕೊನೇ ಶನಿವಾರ. ಸಗಣಿ ಬಾಚ್ತಿದ್ದೆ, ಬಾಗಿಲಲ್ಲಿ ಮೇಡಂ. ಊರಿಂದ ಬಂದಿದ್ದ ದೊಡ್ಡಪ್ಪನಿಗೆ ಜಾಗ ತೋರಿಸ್ತಾ ಒಳಗೆ ಬಂದವರು ನಮ್ಮಪ್ಪ!

"ಏಯ್, ಲೈಬ್ರರಿ ಇದೇನೋ?"

ಸಮುದ್ರದ ಪಾಲಾದವರನ್ನ ಬಾಯಿ ತಪ್ಪಿ ಅಪ್ಪ ಅಂದ್ರೆ ಮೂರನೇ ತಪ್ಪು, ಒಂದು ವರ್ಷ ಹೋಯ್ತು. ಟೋಪಿ ತೆಗೆದು ಇಂಗ್ಲಿಷಲ್ಲಿ, "ಬನ್ನಿ ಸಾರ್. ತಮ್ಮ ಪರಿಚಯ ಆಗಲಿಲ್ಲ," ಅಂದೆ.

ಅಪ್ಪ ಶೂ ಬಿಚ್ಚಿದ್ರು, ಪ್ಯಾಂಟ್ ಮಡಚಿದ್ರು, ಸಲಿಕೆ ಕಿತ್ಕೊಂಡ್ರು. ನೋಡನೋಡ್ತಾ ನೆಲ ಕನ್ನಡಿ ಥರ ಆಯ್ತು. ಆಫೀಸು ಕಂಪ್ಯೂಟರ್ ಬಿಟ್ರೆ ಇನ್ನೇನನ್ನೂ ಅವರು ಮುಟ್ಟಿದ್ದು ನಾನು ಕಂಡಿರಲಿಲ್ಲ.

ದೊಡ್ಡಪ್ಪ ಮೆಲ್ಲಗೆ, "ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋಗೋ ಮುಂಚೆ ನಿಮ್ಮಪ್ಪಂದು ದಿನಾ ಇದೇ ಕೆಲಸ ಕಣೋ," ಅಂದ್ರು.

ಅಪ್ಪ ಸಲಿಕೆ ವಾಪಸ್ ಕೊಟ್ರು. "ಓದ್ದೇ ಇದ್ರೆ ಸಗಣಿ ಬಾಚ್ತೀಯ ಅಂತ ದಿನಾ ಬೈತಿದ್ದೆ. ಅದನ್ನಾದ್ರೂ ನೆಟ್ಟಗೆ ಬಾಚಬಾರ್ದೇನೋ?"

ಕನ್ನಡ ಬಾರದ ಮೇಡಂ, ಅಪ್ಪ ಬಾಚಿದ್ದು ನೋಡಿಯೇ ಕಣ್ಣೊರೆಸಿಕೊಂಡು, "ಏನಂದ್ರು ಅವರು?" ಅಂದ್ರು.

"ನನ್ನ ಕೆಲಸ ಮೆಚ್ಚಿಕೊಂಡ್ರು ಮೇಡಂ," ಅಂದೆ.

ಸೇವೆ ಮುಗಿದ ಕಾಗದಕ್ಕೆ ಅಲ್ಲೇ ಸಹಿ ಹಾಕಿಕೊಟ್ರು.