ಅತ್ತೆ, ಸೊಸೆ ಮತ್ತು ಸೋವಿಯತ್ ಒಕ್ಕೂಟ

ಸಂಗಪ್ಪ ಮೇಷ್ಟ್ರ ಕಷ್ಟಕ್ಕೆಲ್ಲ ಕಾರಣ ಒಂದು ಉದ್ದನೆಯ ನೋಟ್‌ಬುಕ್ಕು. ಧಾರವಾಡದಲ್ಲಿ ಎಂ.ಎ. ಓದುವಾಗ ತಮ್ಮ ಗುರುಗಳು ಹೇಳಿದ್ದನ್ನು ನೀಲಿ ಶಾಯಿಯಲ್ಲಿ ಒಂದಕ್ಷರ ಬಿಡದೆ ಬರೆದುಕೊಂಡದ್ದು. ಯಲಹಂಕದ ಕಾಲೇಜಿಗೆ ಬಂದ ಮೇಲೆ ಮೂವತ್ತು ವರ್ಷ ಅದನ್ನೇ ಹಿಡಿದು ತುಲನಾತ್ಮಕ ರಾಜಕೀಯ ಕಲಿಸಿದರು. ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಜೀವಂತವಾಗಿತ್ತು. ಹೊಡೆದುಹಾಕಲು ಮನಸ್ಸು ಬಾರದೆ, ‘ಇದೆ’ ಎಂದಿದ್ದಲ್ಲಿ ‘ಇತ್ತು’ ಎಂದು ಓದಿಕೊಂಡು ಮುಂದೆ ಹೋಗುತ್ತಿದ್ದರು. ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ‘ಇಲ್ಲಿ ನಗಿಸುವುದು’ ಎಂದಿತ್ತು. ಜೆರಾಕ್ಸ್ ಮಾಡಿಸಲು ಯಾರಿಗೂ ಕೊಟ್ಟವರಲ್ಲ. ಕೈಯಲ್ಲಿ ಬರೆದುಕೊಂಡರೇ ತಲೆಗೆ ಹೋಗುವುದು ಎಂಬುದು ಅವರ ಹಟ.

ಅಂದು ಬೆಳಿಗ್ಗೆ ಪ್ರಿನ್ಸಿಪಾಲ್ ವಿಜಯ್ ಕುಮಾರ್ ಕರೆದು, ಮಧ್ಯಾಹ್ನ ಪಾಠ ಕೇಳಲು ವಿಶ್ವವಿದ್ಯಾಲಯದಿಂದ ತಜ್ಞರು ಬರುತ್ತಾರೆ ಎಂದರು. ಅವರು ಒಪ್ಪಿದರೆ ಆ ವಿಷಯ ಮುಂದಿನ ವರ್ಷವೂ ಇರುತ್ತದೆ, ಇಲ್ಲದಿದ್ದರೆ ರದ್ದು. ಮೇಷ್ಟ್ರ ನಿವೃತ್ತಿಗೆ ಇನ್ನೆರಡು ವರ್ಷ. ಬೇರೆ ವಿಷಯ ಕಲಿಸಲು ಅವರಿಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ.

“ಆ ಹಳೇ ಪುಸ್ತಕ ಅವರ ಕಣ್ಣಿಗ್ ಬಿದ್ರೆ ಕಥೆ ಮುಗೀತು ಕಣ್ರೀ,” ಎಂದರು ಪ್ರಿನ್ಸಿಪಾಲ್.

ಸುದ್ದಿ ಸ್ಟಾಫ್ ರೂಮಿಗೆ ಹಬ್ಬಿತು. ಹೊಸದಾಗಿ ಸೇರಿದ್ದ ನಂದಿತಾ ಮೇಡಂ ಉಪಕಾರಕ್ಕೆ ನಿಂತು, ಒಂದೇ ಗಂಟೆಯಲ್ಲಿ ಅರವತ್ತು ಸ್ಲೈಡು ಮಾಡಿಕೊಟ್ಟರು. ಮೇಷ್ಟ್ರು ಪಾಠದಲ್ಲಿ ಹೇಳುವ ಅತ್ತೆ ಸೊಸೆ ಉದಾಹರಣೆಯೆಲ್ಲ ಈಗ ನಡೆಯುವುದಿಲ್ಲ ಎಂದು ತಾಕೀತೂ ಮಾಡಿದರು. ಮೇಷ್ಟ್ರು ನೋಟ್‌ಬುಕ್ಕನ್ನು ಅಟೆಂಡರ್ ಮುನಿಶಾಮಿಯ ಕೈಗಿತ್ತರು.

“ಯಾರ ಕಣ್ಣಿಗೂ ಬೀಳದಂಗ ಇಡಪಾ.”

ಎರಡು ಗಂಟೆಗೆ ತಜ್ಞರು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ನೋಡಿದರೆ ಮನೋಹರ! ಅಲ್ಲಾಳಸಂದ್ರದಿಂದ ಸೈಕಲ್ ತುಳಿದು ಬರುತ್ತಿದ್ದ ಹುಡುಗ, ಇದೇ ಕೋಣೆಯಲ್ಲಿ, ಇದೇ ಬೆಂಚಿನಲ್ಲಿ ಕುಳಿತು ಬೆರಳ ಗಿಣ್ಣು ನೋಯುವಷ್ಟು ಬರೆದುಕೊಂಡವನು. ಈಗ ತಲೆ ಬೋಳಾಗಿದೆ. ಆ ಕಾಲದಲ್ಲಿ ಎಂಬತ್ತು ಮಂದಿ ಒಟ್ಟಿಗೆ ಹಾಳೆ ತಿರುವಿದರೆ ಗಾಳಿ ಬೀಸಿದಂತಾಗುತ್ತಿತ್ತು. ಈಗ ಇರುವವರು ಒಂಬತ್ತೇ ಮಂದಿ.

ಸ್ಲೈಡುಗಳು ತಮ್ಮಷ್ಟಕ್ಕೆ ತಾವೇ ಓಡುತ್ತವೆ ಎಂದು ನಂದಿತಾ ಹೇಳಿರಲಿಲ್ಲ. ಮೇಷ್ಟ್ರು ಬ್ರಿಟನ್ ಎನ್ನುವಷ್ಟರಲ್ಲಿ ಗೋಡೆಯ ಮೇಲೆ ಫ್ರಾನ್ಸ್, ಫ್ರಾನ್ಸಿಗೆ ಬರುವಷ್ಟರಲ್ಲಿ ಸ್ವಿಟ್ಜರ್ಲೆಂಡ್. ಹೊರಟ ಬಸ್ಸಿನ ಹಿಂದೆ ಓಡುವವರಂತೆ ಅವರು ದೇಶಗಳ ಹಿಂದೆ ಓಡಿದರು. ನಗಿಸಬೇಕಾದಲ್ಲಿ ಯಾರೂ ನಗಲಿಲ್ಲ, ಮಿಕ್ಕ ಕಡೆಯೆಲ್ಲ ನಕ್ಕರು. ಮನೋಹರನ ಮುಖ ಮಾತ್ರ ಸಪ್ಪಗಾಗುತ್ತ ಹೋಯಿತು.

ತರಗತಿ ಬಿಟ್ಟ ಮೇಲೆ ಅವನು ಹತ್ತಿರ ಬಂದ.

“ಬ್ರಿಟನ್ನಿನ ರಾಣಿ ಅಂದ್ರೆ ಜೋಕಾಲಿ ಮೇಲೆ ಕೂತ ಅತ್ತೆ, ಬೀಗದ ಕೈ ಮಾತ್ರ ಸೊಸೆ ಸೊಂಟದಲ್ಲಿ. ಅದನ್ನ ಕೇಳೋಕೇ ಸಾರ್, ಈ ಕಾಲೇಜಿನ ಡ್ಯೂಟಿ ನನಗೇ ಬೇಕು ಅಂತ ಹಾಕಿಸ್ಕೊಂಡು ಬಂದೆ. ಎಲ್ ಹೋದ್ರು ಅವರಿಬ್ರು?”

ತಾನು ಇವತ್ತಿಗೂ ಅಂದು ಬರೆದುಕೊಂಡ ನೋಟ್ಸಿನಿಂದಲೇ ಪಾಠ ಮಾಡುವುದಾಗಿಯೂ ಹೇಳಿದ. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಪುಸ್ತಕ ತರಲು ಮುನಿಶಾಮಿಯನ್ನು ಕೂಗಿದರು.

“ಹಳೇ ಉತ್ತರಪತ್ರಿಕೆ ಗುಡ್ಡೆ ಒಳಗಿಟ್ಟಿದ್ದೆ ಸಾರ್, ಅದನ್ನ ಯಾರೂ ತೆಗ್ದು ನೋಡಾಕಿಲ್ವಲ್ಲ ಅಂತ,” ಎಂದು ಮುನಿಶಾಮಿ ತಲೆ ಕೆರೆದುಕೊಂಡ. “ಮದ್ಯಾನ ರದ್ದಿ ಗಾಡಿ ಬಂತು. ಇಂಗೇ ಎತ್ಕಂಡ್ ಓಗ್ಬುಟ್ರು.”

ಮನೋಹರ ನಿಂತಲ್ಲೇ ವರದಿ ಬರೆದ. ವಿಷಯ ಮುಂದುವರಿಯಬಹುದು. ಆದರೆ ಅಧ್ಯಾಪಕರ ಬೋಧನೆಯಲ್ಲಿ ಹಳೆಯ ಗಟ್ಟಿತನ ಕಾಣಲಿಲ್ಲವಾದ್ದರಿಂದ, ಅವರು ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೊಂದು ದಿನ ತರಬೇತಿ ಪಡೆಯಬೇಕು. ತರಬೇತಿ ಕೊಡುವವನು ಮನೋಹರನೇ.

“ನಿನ್ನ ನೋಟ್ಸ್ ಒಂದ್ ಜೆರಾಕ್ಸ್ ಕೊಟ್ಟಬಿಡಪಾ,” ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

“ಜೆರಾಕ್ಸ್ ಮಾಡಿದ್ರೆ ತಲೆಗೆ ಹೋಗಲ್ಲ ಅಂತ ನೀವೇ ಹೇಳ್ತಿದ್ರಿ ಸಾರ್. ಸೋಮವಾರ ಬನ್ನಿ, ನಾನು ಬರೆಸ್ತೀನಿ.”

ಸಂಜೆ ಮನೆಗೆ ಹೋಗುವಾಗ ಮೇಷ್ಟ್ರು ಸಹಕಾರನಗರದ ಅಂಗಡಿಯಲ್ಲಿ ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕು, ಒಂದು ನೀಲಿ ಪೆನ್ನು ಕೊಂಡರು. ಮೊಮ್ಮಗನಿಗಾ ಎಂದು ಅಂಗಡಿಯವನು ಕೇಳಿದ. ಮೇಷ್ಟ್ರು ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ಒಂದು ಕೆಂಪು ಪೆನ್ನೂ ಕೊಡಲು ಹೇಳಿದರು.