ಲೋಟದೊಳಗಿನ ಖಾರ

ಮಕ್ಕಳಿಗೆ ಬೇಗ ಬುದ್ಧಿ ಬರಲಿ ಎಂದು ಎಲ್ಲ ಅಪ್ಪಂದಿರೂ ಬಯಸುತ್ತಾರೆ. ನಾನೂ ಬಯಸಿದವನೇ. ಆದರೆ ಸಂಜೆ ಚಹಾದ ಹೊತ್ತಿನಲ್ಲಿ ಮಾತ್ರ, ನನ್ನ ಮಗಳಿಗೆ ಅದು ಸ್ವಲ್ಪ ತಡವಾಗಿಯೇ ಬರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೇನೆ. ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಎಲ್ಲದಕ್ಕೂ ಕಾರಣ ಖಾರ. ಸವಣೂರಿನವನಿಗೆ ಖಾರ ಎಂದರೆ ಮೆಣಸಿನ ಪುಡಿಯಲ್ಲ, ಕಾಗದದ ಪೊಟ್ಟಣದಲ್ಲಿ ಮನೆಗೆ ಬರುವ ಕರಿದ ತಿಂಡಿ. ಖಾರ ಎಲ್ಲ ಊರಲ್ಲೂ ಒಂದೇ ಎಂದು ಹಾನಗಲ್ಲಿನ ನನ್ನ ಷಡ್ಡಕರು ಒಮ್ಮೆ ಅಂದರು. ಅಂದಿನಿಂದ ಅವರೊಡನೆ ಮಳೆ ಬೆಳೆ ಬಿಟ್ಟು ಬೇರೆ ಮಾತಾಡಿಲ್ಲ. ಇಂಥ ನನಗೆ ಬಿಪಿ ಬಂತು. ಉಪ್ಪು, ಕರಿದದ್ದು ಕಡಿಮೆ ಮಾಡಿ ಎಂದರು ಡಾಕ್ಟರು. ಹಂಸಭಾವಿಯ ಹೆಣ್ಣಾದ ನನ್ನ ಹೆಂಡತಿ ಅದನ್ನು ಕಾಯಿದೆಯನ್ನಾಗಿಯೇ ಮಾಡಿದಳು: ನನಗೊಂದು ಬಟ್ಟಲು, ನಾಲ್ಕು ವರ್ಷದ ಗೌರಿಗೊಂದು ಬಟ್ಟಲು, ಡಬ್ಬಿ ಅಟ್ಟಕ್ಕೆ.

ಶಿಕ್ಷಕರ ತರಬೇತಿಯಲ್ಲಿ ಒಂದು ಮಾತು ಕೇಳಿದ್ದೆ. ಸಣ್ಣ ಮಕ್ಕಳಿಗೆ ಎತ್ತರವಾಗಿ ಕಂಡದ್ದೇ ಹೆಚ್ಚು. ಏಳರ ಸುಮಾರಿಗೆ ಈ ತಪ್ಪು ತಾನಾಗಿಯೇ ಹೋಗುತ್ತದಂತೆ. ಅಷ್ಟೂ ತರಬೇತಿಯಲ್ಲಿ ನಾನು ಬಾಳಿನಲ್ಲಿ ಬಳಸಿದ್ದು ಇದೊಂದನ್ನೇ. ಗೌರಿಯ ಪಾಲನ್ನು ಕಿರಿದಾದ ಗಾಜಿನ ಲೋಟಕ್ಕೆ ಸುರಿದೆ, ನನ್ನದನ್ನು ಅಗಲ ತಾಟಿನಲ್ಲಿ ಹರವಿದೆ. ಅವಳು ತನ್ನ ಲೋಟ ನೋಡಿದಳು, ನನ್ನ ತಾಟು ನೋಡಿದಳು.

"ಪಾಪ, ಅಪ್ಪಗ ಸ್ವಲ್ಪನ ಐತಿ," ಎಂದು ತನ್ನದರಲ್ಲಿ ಒಂದು ಪುಟ್ಟ ಹಿಡಿ ನನಗೆ ಹಾಕಿದಳು.

ಮೂರು ವರ್ಷ ಆ ಪುಣ್ಯಾತ್ಗಿತ್ತಿಯ ಹಿಡಿಯಲ್ಲಿ ನನ್ನ ಸಂಜೆಗಳು ಸುಖವಾಗಿ ಕಳೆದವು. ಬಿಪಿ ಯಾಕೆ ಇಳಿಯುತ್ತಿಲ್ಲ ಎಂದು ಹೆಂಡತಿ ಚಿಂತಿಸುವಾಗ ನಾನೂ ಪಕ್ಕದಲ್ಲಿ ಕೂತು ಚಿಂತಿಸುತ್ತಿದ್ದೆ.

ಗೌರಿಗೆ ಏಳು ತುಂಬಿದ ಮೇಲೆ ಒಂದು ಸಂಜೆ ಆ ಹಿಡಿ ಬರಲಿಲ್ಲ. ಅವಳು ಎದ್ದುಹೋಗಿ ಅಂಥದ್ದೇ ಇನ್ನೊಂದು ಲೋಟ ತಂದು, ನನ್ನ ತಾಟಿನ ಖಾರವನ್ನು ಅದಕ್ಕೆ ಸುರಿದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟಳು. ಎರಡೂ ಸರಿಸಮ.

"ಅಪ್ಪ, ನಿನಗ ಇದು ಮೊದಲಿಂದನೂ ಗೊತ್ತಿತ್ತೇನು?"

ಚಹಾ ಆರುತ್ತದೆ ಕುಡಿ ಎಂದೆ. ಅವಳು ನಗಲಿಲ್ಲ, ಜಗಳವನ್ನೂ ಮಾಡಲಿಲ್ಲ. ಖಾರ ಹೋದರೆ ಹೋಯಿತು, ಆ 'ಪಾಪ' ಇನ್ನು ಸಿಗುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ದುಃಖವಾಯಿತು. ಜೊತೆಗೇ, ಯಾರೂ ಹೇಳಿಕೊಡದೆ ತಾನೇ ಸುರಿದು ನೋಡಿದಳಲ್ಲ ಎಂಬ ಹೆಮ್ಮೆ ಬೇರೆ. ಮಾಸ್ತರನ ಮನಸ್ಸು ಹೀಗೇ.

ಮರುದಿನದಿಂದ ಬಡಿಸುವ ಕೆಲಸ ಅವಳದಾಯಿತು. ನನಗೆ ಲೋಟ, ಅವಳಿಗೆ ತಾಟು. ದಿನಾ ಕಂಠಮಟ್ಟ ತುಂಬಿದ ಲೋಟ ಕಂಡು, ಮಗಳು ಕ್ಷಮಿಸಿದಳು ಎಂದುಕೊಂಡೆ. ಎರಡು ತಿಂಗಳಿಗೆ ಬಿಪಿ ಇಳಿಯಿತು. ಇದೇನು ಪವಾಡ ಎಂದು ಹೆಂಡತಿ ಬೆರಗಾದಳು.

ಗೌರಿ ಪಾಠದ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: "ಅರ್ಧ ಬಟ್ಟಲನ ಹಾಕಾಕತ್ತೇನಿ, ಅವ್ವ. ಪಾಪ, ಸಣ್ಣ ಲೋಟದಾಗ ಹಾಕಿದ್ರ ಅಪ್ಪಗ ಭಾಳ ಐತಿ ಅನಸ್ತೈತಿ."

ಕೈಯಲ್ಲಿದ್ದ ಲೋಟ ತಿರುಗಿಸಿ ನೋಡಿದೆ. ಅದು ಹಳೆಯ ಲೋಟವೇ ಅಲ್ಲ, ಅದಕ್ಕಿಂತ ಕಿರಿದು. ಈ ತಪ್ಪು ಏಳರ ಸುಮಾರಿಗೆ ಹೋಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ನನಗೀಗ ನಲವತ್ತಾರು.