ಕಾಕಾನ ಮೀನಿನ ಡಬ್ಬಿ

ನಮ್ಮ ಕಾಕಾ ಹುಟ್ಟಿದಾಗಿನಿಂದ ಇವತ್ತಿನವರೆಗೆ ಮೀನಿನ ಒಂದು ಮುಳ್ಳನ್ನೂ ನಾಲಿಗೆಗೆ ತಾಗಿಸಿದವನಲ್ಲ. ಆದರೂ ಇಡೀ ಶಿಗ್ಗಾಂವಿಯಲ್ಲಿ ಮೀನಿನ ಬಗ್ಗೆ ಅವನಷ್ಟು ತಿಳಿದ ಲಿಂಗಾಯತ ಇನ್ನೊಬ್ಬ ಸಿಕ್ಕರೆ ನನ್ನ ಕಿವಿ ಹಿಂಡಿ! ಯಾವ ಮೀನು ಎಣ್ಣೆಯಲ್ಲಿ ಬರುತ್ತದೆ, ಯಾವುದು ಉಪ್ಪುನೀರಿನಲ್ಲಿ ಬರುತ್ತದೆ, ಡಬ್ಬಿಯ ಮುಚ್ಚಳ ಎಳೆಯುವಾಗ ಮುಖ ಯಾವ ಕಡೆ ತಿರುಗಿಸಬೇಕು, ಎಲ್ಲವನ್ನೂ ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡೇ ಹೇಳುತ್ತಿದ್ದ. ಕೇಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅಷ್ಟು ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದಾನೆ. ನಿವೃತ್ತಿಯಾಗುವವರೆಗೆ ಹಾನಗಲ್, ಸವಣೂರು, ಹಿರೇಕೆರೂರು ಎಂದು ಬಸ್ಸು ಓಡಿಸಿದವನು. ಹದಿಮೂರು ವರ್ಷದ ಹಿಂದೆ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದಾಗ ಅವನ ಖಾಕಿ ಅಂಗಿ ಮೈಮೇಲಿರಲಿಲ್ಲ, ಕಂಕುಳಲ್ಲಿತ್ತು. ಅದರೊಳಗೊಂದು ನಾಯಿಮರಿ.

"ಎಲ್ಲಿಂದ ತಂದ್ಯೋ ಇದನ್ನ?" ಎಂದಳು ಅವ್ವ.

"ಬಸ್ಸಿನ್ಯಾಗ ಕುಂತಿತ್ತು ವೈನಿ. ಟಿಕೀಟ್ ಇರಲಿಲ್ಲ. ಇಳಿಸ್ಕೊಂಡು ಬಂದೆ."

ಆ ಮರಿಗೆ ಅವನು ಇಟ್ಟ ಹೆಸರು ಕಂಡಕ್ಟರ್. ಡ್ರೈವರನ ನಾಯಿಗೆ ಇನ್ನೇನು ಹೆಸರು ಇರಲು ಸಾಧ್ಯ ಹೇಳಿ! ತಾಟಿನಲ್ಲಿ ಹಾಲು ರೊಟ್ಟಿ ಇಟ್ಟರೂ ಕಾಕಾ "ರೈಟ್" ಎನ್ನುವವರೆಗೆ ಅದು ಬಾಯಿ ಹಾಕುತ್ತಿರಲಿಲ್ಲ. ಮುಂದೆ ಕಾಕಾನಿಗೆ ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ಬೆಳ್ಳಿ ಪದಕ ಬಂತು. ಅಪ್ಪ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಬೇಕೆಂದು ಅಳತೆ ತೆಗೆದುಕೊಳ್ಳುವಷ್ಟರಲ್ಲಿ ಕಾಕಾ ಅದನ್ನು ಕೆಂಪು ದಾರಕ್ಕೆ ಪೋಣಿಸಿ ನಾಯಿಯ ಕೊರಳಿಗೆ ಕಟ್ಟಿಬಿಟ್ಟಿದ್ದ!

"ಲೇ ಹುಚ್ಚ, ಅದನ್ನ ಕೊಟ್ಟದ್ದು ನಿನಗ, ನಾಯಿಗಲ್ಲ!" ಎಂದ ಅಪ್ಪ.

"ನನಗ ಅದು ಒಪ್ಪೂದಿಲ್ಲಣ್ಣಾ," ಎಂದ ಕಾಕಾ. ಇವನ ತಲೆಯ ಒಂದು ನಟ್ಟು ಸಡಿಲಾಗಿದೆ ಎಂದು ಅಂದೇ ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು.

ಕಂಡಕ್ಟರನಿಗೆ ವಯಸ್ಸಾಯಿತು. ಹಲ್ಲು ಉದುರಿದವು, ಕಣ್ಣಿಗೆ ಪೊರೆ ಬಂತು. ಕಳೆದ ವರ್ಷ ಒಂದು ದಿನ ಹಾಲು ರೊಟ್ಟಿಗೆ ಬೆನ್ನು ತಿರುಗಿಸಿ ಮಲಗಿತು. ನಾಲ್ಕು ದಿನ ಅನ್ನವಿಲ್ಲ. ಕಾಕಾ ಅದರ ಮುಂದೆ ಕುಳಿತು "ರೈಟ್, ರೈಟ್" ಎನ್ನುತ್ತಲೇ ಇದ್ದ. ಅವನೂ ಊಟ ಬಿಟ್ಟಿದ್ದ. ಕೊನೆಗೆ ದನದ ಡಾಕ್ಟರು ಬಂದು ನೋಡಿದರು.

"ವಯಸ್ಸಾಗೇತ್ರಿ. ಹಿಂಗ ಬಿಟ್ರ ವಾರ ಉಳಿಯೂದಿಲ್ಲ. ಮೂಗಿಗೆ ವಾಸನಿ ಬಡಿಯೂವಂಥಾದ್ದು ಏನರ ಹಾಕ್ರಿ. ಡಬ್ಬಿಯೊಳಗ ಮೀನು ಬರ್ತಾವಲ್ಲ, ಮೆತ್ತಗ ಇರ್ತಾವ. ಉಪ್ಪು ತೊಳದು ಸ್ವಲ್ಪ ಸ್ವಲ್ಪ ಕೊಡ್ರಿ."

ಅಲ್ಲಿಂದ ಶುರುವಾಯಿತು ನೋಡಿ ಕಾಕಾನ ದಂಡಯಾತ್ರೆ! ಹಾನಗಲ್ಲಿನ ಅಂಗಡಿಯವನು ಕಾಕಾನ ವಿಭೂತಿ ನೋಡಿ, "ಯಜಮಾನ್ರ, ನಿಮಗ ಬೇಕಾದ್ದು ಊದಿನಕಡ್ಡಿ ಇರಬೇಕು" ಎಂದನಂತೆ. ಸವಣೂರಿನಲ್ಲಿ ಮೀನಿನ ಡಬ್ಬಿ ಎಂದು ಕೊಟ್ಟದ್ದನ್ನು ಮನೆಗೆ ತಂದು ತೆರೆದರೆ ಅದು ಗಾಜಿನ ತೊಟ್ಟಿಯ ಮೀನುಗಳಿಗೆ ಹಾಕುವ ಕಾಳು! ಹಿರೇಕೆರೂರಿನಲ್ಲಿ ಅದೂ ಸಿಗಲಿಲ್ಲ. ಕೊನೆಗೆ ಹಳೆಯ ಜೊತೆಗಾರ ಡ್ರೈವರೊಬ್ಬ ಹುಬ್ಬಳ್ಳಿಯಿಂದ ಆರು ಡಬ್ಬಿ ತಂದುಕೊಟ್ಟ, ಮುಗಿದಂತೆಲ್ಲ ಮತ್ತೆ ತರತೊಡಗಿದ.

ಡಬ್ಬಿಯ ಮೇಲೆ ಮೀನಿನ ಚಿತ್ರ. ಅವ್ವ ಕಂಡರೆ ಗತಿಯೇನು? ಕಾಕಾ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚಿತ್ರದ ಮೇಲೆ ಅಂಟಿಸಿದ. "ತಮ್ಮ ಸುಖಾಗಮನ ಬಯಸುವ" ಎಂಬ ಬಂಗಾರದ ಅಕ್ಷರದ ಸಾಲು ಸರಿಯಾಗಿ ಮೀನಿನ ಹೊಟ್ಟೆಯ ಮೇಲೆ ಬಂತು. ಮರುದಿನ ಮನೆಗೆ ಬೀಗರು ಬಂದರು. ಅಷ್ಟು ಚೆಂದದ ಡಬ್ಬಿ ಕಂಡ ಅವ್ವ, ಯಾರೋ ಲಗ್ನದಲ್ಲಿ ಕೊಟ್ಟ ರಸಗುಲ್ಲಾ ಇರಬೇಕೆಂದು ಬೀಗರ ಎದುರಿಗೇ ಮುಚ್ಚಳ ಎಳೆದಳು. ಆಮೇಲಿನದನ್ನು ನಾನೇನು ಹೇಳಲಿ! ಬೀಗರು ಅರ್ಧ ಚಹಾ ಬಿಟ್ಟು ಎದ್ದರು. ಇಂದಿಗೂ ನಮ್ಮ ಮನೆಯಲ್ಲಿ ಅವರು ನೀರನ್ನೂ ಮೂಸಿ ನೋಡಿಯೇ ಕುಡಿಯುತ್ತಾರೆ.

"ನಾಯಿ ಇರಲಿ, ನೀನೂ ಇರು. ಆ ಡಬ್ಬಿ ಮಾತ್ರ ಹೊಸ್ತಿಲ ಒಳಗ ಬರೂದು ಬ್ಯಾಡ!" ಎಂದು ಅವ್ವ ಆಜ್ಞೆ ಹೊರಡಿಸಿದಳು.

ಕಾಕಾ ಬೀದಿಯ ಬೇವಿನ ಮರದ ಕೆಳಗೆ ಹೋದ. ಅಲ್ಲಿ ದಿನಾ ಒಂದೇ ಕ್ರಮ. ಮೊದಲು ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು, ಅಂದರೆ ಲಿಂಗವಿರುವ ಆ ಪುಟ್ಟ ಭರಣಿಯನ್ನು, ಶಿವದಾರ ಎಳೆದು ಬೆನ್ನಿಗೆ ಸರಿಸುವುದು. ಲಿಂಗಪ್ಪ ನೋಡಬಾರದಲ್ಲ! ಆಮೇಲೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮುಖ ಆಚೆ ತಿರುಗಿಸಿ, ಮೀನಿನ ತುಂಡುಗಳಿಗೆ ಮೂರು ಸಲ ಸ್ನಾನ. ಜೀವಮಾನವಿಡೀ ನೀರಲ್ಲೇ ಇದ್ದ ಮೀನಿಗೆ ಅಷ್ಟು ಸ್ನಾನ ಯಾರೂ ಮಾಡಿಸಿರಲಿಕ್ಕಿಲ್ಲ. "ರೈಟ್." ಕಂಡಕ್ಟರ್ ಮೂಗರಳಿಸಿ ತಾಟು ಹುಡುಕಿ ತಿನ್ನುತ್ತಿತ್ತು. ಕಾಕಾ ಹೋಗಿ ತಲೆಗೆ ನೀರು ಸುರಿದುಕೊಂಡು, ಕರಡಿಗೆ ಮುಂದಕ್ಕೆ ತಂದು, ಹೊಸದಾಗಿ ವಿಭೂತಿ ಹಚ್ಚಿಕೊಂಡು ಒಳಗೆ ಬರುತ್ತಿದ್ದ. ಬೀದಿಯವರಿಗೆ ಪುಕ್ಕಟೆ ನಾಟಕ.

ಮೀನು ಕಂಡಕ್ಟರನನ್ನು ಎಂಟು ತಿಂಗಳು ಉಳಿಸಿತು. ಅದಕ್ಕಿಂತ ಹೆಚ್ಚು ಅದರ ಕೈಲೂ ಆಗಲಿಲ್ಲ. ಒಂದು ಬೆಳಿಗ್ಗೆ ಕಾಕಾ ತುಂಡನ್ನು ಮೂಗಿನ ತನಕ ಒಯ್ದರೂ ಅದು ಮೂಸಲಿಲ್ಲ. ಆ ದಿನ ಅವನ "ರೈಟ್" ಎಷ್ಟು ಸಲ ಕೇಳಿಸಿತೋ! ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಅವ್ವ ಟ್ರಂಕು ತೆಗೆದು ಆ ಹಳೆಯ ಖಾಕಿ ಅಂಗಿ ತಂದುಕೊಟ್ಟಳು. ಅದರಲ್ಲೇ ಸುತ್ತಿ, ಪದಕದ ಸಮೇತ, ಬೇವಿನ ಮರದ ಕೆಳಗೆ ಹುಗಿದೆವು.

ಎರಡು ಡಬ್ಬಿ ಉಳಿದಿದ್ದವು. ಮರುದಿನ ಕಾಕಾ, "ಗಾಡಿ ತೆಗಿ, ಗೊಟಗೋಡಿ ಕಡೆ ಹೋಗಿ ಬರೂಣು" ಎಂದ. ಹೆದ್ದಾರಿಯ ಒಂದು ತಿರುವಿನಲ್ಲಿ ನಿಲ್ಲಿಸಲು ಹೇಳಿದ. ಪಕ್ಕದ ಡಾಬಾದ ಹಿಂದೆ ನಾಲ್ಕೈದು ಬೀದಿನಾಯಿಗಳಿದ್ದವು.

"ಇಲ್ಲೇ," ಎಂದ. "ಹಿರೇಕೆರೂರು ಬಸ್ಸು. ನಮ್ಮ ಕಂಡಕ್ಟರನ ಅವ್ವ ಅಡ್ಡ ಬಂತು. ಬ್ರೇಕ್ ಹಾಕಿದ್ರ ನಿಲ್ತಿತ್ತೋ ಏನೋ. ತಡಾ ಆಗಿತ್ತು, ಹಾಕಲಿಲ್ಲ. ಇಳದು ನೋಡಿದ್ರ ಈ ಮರಿ ಅದರ ಮೊಲಿ ಹುಡುಕಾಕತ್ತಿತ್ತು." ಚೀಲದಿಂದ ಡಬ್ಬಿ ಹೊರತೆಗೆದ. "ನಾಯಿ ಸತ್ರ ಅಪಘಾತ ಅಂತ ಯಾರೂ ಬರಕೊಳ್ಳೂದಿಲ್ಲ ನೋಡು. ಪದಕ ಕೊಟ್ರು."

ಹದಿಮೂರು ವರ್ಷ ನಾವು ಹುಚ್ಚು ಎಂದು ನಕ್ಕದ್ದು ಇದಕ್ಕೆ.

ಕಾಕಾ ಬಗ್ಗಿ ಡಬ್ಬಿಯ ಮುಚ್ಚಳ ಎಳೆದ. ಕರಡಿಗೆ ಎದೆಯ ಮೇಲೇ ತೂಗಾಡುತ್ತಿತ್ತು. ನನಗೆ ಅಭ್ಯಾಸವಾಗಿ ಹೋಗಿತ್ತಲ್ಲ, "ಕಾಕಾ, ಕರಡಗಿ ಹಿಂದಕ್ಕ..." ಎಂದೆ.

"ಇರಲಿ ಬಿಡು. ಅವತ್ತೂ ಎದಿ ಮ್ಯಾಲೇ ಇತ್ತು. ಅವತ್ತು ನೋಡಿದಾಂವ ಇವತ್ತೂ ನೋಡ್ಲಿ."

ಮೀನನ್ನು ಕಾಗದದ ಮೇಲೆ ಸುರಿದು ಹಿಂದೆ ಸರಿದ. ನಾಯಿಗಳು ದೂರದಲ್ಲೇ ನಿಂತು ಅವನ ಮುಖ ನೋಡಿದವು. ಅವನು ಬಾಯಿ ತೆರೆದ, ಮಾತು ಹೊರಡಲಿಲ್ಲ. ಅವನ ಬದಲು ನಾನೇ "ರೈಟ್" ಎಂದೆ.